ಬೆಣ್ಣೆ ಮುಟ್ಟಿದ ಕೈ ಉಂಡೆಯ ಬಾಯಿ ಮುಚ್ಚಬಾರದು

ಪ್ರಶ್ನೆ: ಮೊನ್ನೆ ಗೆಳತಿಯ ಜೊತೆ ಸೇರಿ ರಾತ್ರಿ ಊಟಕ್ಕೆ ಚೀಸ್ ತುಂಬಿದ ಪುಲ್-ಅಪಾರ್ಟ್ ಬ್ರೆಡ್ (ಉಂಡೆಉಂಡೆಯಾಗಿ ಕಿತ್ತು ತಿನ್ನುವ ಬ್ರೆಡ್) ಮಾಡಿದೆವು. ಇಬ್ಬರೂ ಉಂಡೆ ಕಟ್ಟುವುದು, ಬೆಣ್ಣೆಯಲ್ಲಿ ಅದ್ದುವುದು, ಉದ್ದನೆಯ ಬ್ರೆಡ್ ಟಿನ್ನಿನಲ್ಲಿ ಒಂದರ ಮೇಲೊಂದು ಪೇರಿಸುವುದು, ಹೀಗೆ ಮಾಡುತ್ತಾ ಹೋದೆವು. ಅರ್ಧದಷ್ಟು ಚೀಸ್ ಸೋರಿ ತಳದಲ್ಲಿ ಸೀದು ಅಂಟಿಕೊಂಡಿತು. ಮೇಲೆ ಚೆನ್ನಾಗಿ ಬಣ್ಣ ಬಂದಿದ್ದರೂ ನಡುವಿನ ಉಂಡೆಗಳು ಹಸಿಯಾಗಿಯೇ ಇದ್ದವು. ಎಂಟಕ್ಕೆ ಅಂದುಕೊಂಡಿದ್ದ ಊಟ ಹತ್ತೂವರೆ ಆಯಿತು. ಮತ್ತೆ ಇಬ್ಬರೂ ಸೇರಿ ಮಾಡುವ ಆಸೆ ಇದೆ. ಎಲ್ಲಿ ತಪ್ಪಿತು? ಕೆಲಸ ಹಂಚಿಕೊಳ್ಳುವುದು ಹೇಗೆ?

ಉತ್ತರ: ಮತ್ತೆ ಮಾಡುವ ಆಸೆ ಉಳಿದಿದೆಯಲ್ಲ, ಅದು ನನಗೆ ತುಂಬಾ ಖುಷಿ ಕೊಟ್ಟಿತು. ಇಬ್ಬರು ಸೇರಿ ಮಾಡಲಿಕ್ಕೆ ಇಷ್ಟು ಹೇಳಿ ಮಾಡಿಸಿದಂಥ ಬ್ರೆಡ್ ಇನ್ನೊಂದಿಲ್ಲ. ನಿಮ್ಮ ಮೂರು ತೊಂದರೆಗಳಲ್ಲಿ ಮೊದಲನೆಯದಕ್ಕೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. "ಇಬ್ಬರೂ ಉಂಡೆ ಕಟ್ಟುವುದು, ಬೆಣ್ಣೆಯಲ್ಲಿ ಅದ್ದುವುದು" ಎಂದು ಬರೆದಿದ್ದೀರಿ. ಅಲ್ಲೇ ಚೀಸ್ ಸೋರಿತು.

ಇದು ನನಗೆ ಗೊತ್ತಾಗಿದ್ದು ಒಂದು ಟ್ರೇ ನೋಡಿದ ಮೇಲೆ. ವರ್ಷಗಳ ಹಿಂದೆ ನಾನೂ ಒಬ್ಬ ಸ್ನೇಹಿತನೂ ಎದುರುಬದುರು ನಿಂತು 24 ಉಂಡೆ ಮಾಡಿದೆವು. ಅವನು ಮಾಡಿದ್ದು ಟ್ರೇಯ ಎಡಕ್ಕೆ, ನಾನು ಮಾಡಿದ್ದು ಬಲಕ್ಕೆ. ಓವನ್ನಿನಿಂದ ತೆಗೆದಾಗ ಎಡಗಡೆಯ ಒಂದು ಉಂಡೆಯೂ ಒಡೆದಿರಲಿಲ್ಲ. ಬಲಗಡೆ ಏಳು ಉಂಡೆಗಳ ಬುಡದಿಂದ ಚೀಸ್ ಹರಿದು ಹೋಗಿತ್ತು. ಹಿಟ್ಟು ಒಂದೇ, ಚೀಸ್ ಒಂದೇ, ಓವನ್ ಒಂದೇ. ಇದ್ದ ವ್ಯತ್ಯಾಸ ಒಂದೇ ಒಂದು: ಬೆಣ್ಣೆ ಸವರುವ ಬ್ರಶ್ ನನ್ನ ಕೈಯಲ್ಲಿತ್ತು. ಬೆಣ್ಣೆ ಹತ್ತಿದ ಬೆರಳಿನಲ್ಲೇ ಮುಂದಿನ ಉಂಡೆಯ ಬಾಯಿ ಮುಚ್ಚುತ್ತಿದ್ದೆ.

ಒದ್ದೆ ಹಿಟ್ಟಿಗೆ ಹಿಟ್ಟು ತಾಗಿದರೆ ಅಂಟಿಕೊಳ್ಳುತ್ತದೆ. ನಡುವೆ ಜಿಡ್ಡಿನ ಪದರ ಬಂದರೆ ಅಂಟುವುದಿಲ್ಲ. ಈ ಬ್ರೆಡ್ ಬಿಡಿಬಿಡಿಯಾಗಿ ಕಿತ್ತು ಬರುವುದೂ ಇದರಿಂದಲೇ. ಉಂಡೆಗಳ ಹೊರಗೆ ಬೆಣ್ಣೆ ಇರುವುದರಿಂದ ಅವು ಒತ್ತಿಕೊಂಡು ಬೆಂದರೂ ಒಂದಾಗುವುದಿಲ್ಲ. ಅದೇ ಬೆಣ್ಣೆ ಬಾಯಿ ಮುಚ್ಚುವ ಜಾಗಕ್ಕೆ ಬಂದರೆ ಆ ಬಾಯಿ ಮುಚ್ಚಿದ ಹಾಗೆ ಕಾಣುತ್ತದೆ, ಬಿಸಿ ತಾಗಿದ ಕೂಡಲೇ ತೆರೆದುಕೊಳ್ಳುತ್ತದೆ. ಹಾಗಾಗಿ ಕೆಲಸ ಹಂಚಿಕೊಳ್ಳುವ ಬಗ್ಗೆ ನನ್ನದು ಒಂದೇ ಕಟ್ಟುನಿಟ್ಟಿನ ಮಾತು. ಒಬ್ಬರು ಒಣ ಕೈಯವರು, ಇನ್ನೊಬ್ಬರು ಬೆಣ್ಣೆ ಕೈಯವರು. ಒಣ ಕೈಯವರು ಉಂಡೆ ತಟ್ಟಿ, ಚೀಸ್ ಇಟ್ಟು, ಬಾಯಿ ಮುಚ್ಚಬೇಕು. ಬೆಣ್ಣೆ ಕೈಯವರು ಅದನ್ನು ತೆಗೆದುಕೊಂಡು ಅದ್ದಿ, ಟ್ರೇಯಲ್ಲಿ ಜೋಡಿಸಬೇಕು. ನಡುವೆ ಅದಲುಬದಲು ಬೇಡ. ಬದಲಾಯಿಸಲೇಬೇಕೆಂದರೆ ಸೋಪು ಹಾಕಿ ಕೈ ತೊಳೆದು, ಪೂರ್ತಿ ಒರೆಸಿಕೊಂಡು ಬನ್ನಿ. ಬರೀ ಬಟ್ಟೆಗೆ ಒರೆಸಿದರೆ ಜಿಡ್ಡು ಹೋಗುವುದಿಲ್ಲ.

ಬಾಯಿ ಮುಚ್ಚುವುದರಲ್ಲೂ ಒಂದು ಹದ ಇದೆ. ಉಂಡೆಯನ್ನು ಅಂಗೈಯಲ್ಲಿ ತಟ್ಟಿ ಸುಮಾರು 9 ಸೆಂಟಿಮೀಟರ್ ಅಗಲ ಮಾಡಿ. ಅಂಚು ತೆಳ್ಳಗಿರಲಿ, ನಡುಭಾಗ ತುಸು ದಪ್ಪ ಇರಲಿ. ಯಾಕೆಂದರೆ ಅಂಚುಗಳೆಲ್ಲ ಒಂದೆಡೆ ಸೇರಿದಾಗ ಅಲ್ಲಿ ತಾನಾಗಿಯೇ ದಪ್ಪವಾಗುತ್ತದೆ. ನಡುಭಾಗವೂ ತೆಳ್ಳಗಿದ್ದರೆ ಮಗುಚಿ ಇಟ್ಟಾಗ ಅದೇ ಉಂಡೆಯ ನೆತ್ತಿಯಾಗಿ, ಚೀಸ್ ಅಲ್ಲಿಂದ ಒಡೆದು ಬರುತ್ತದೆ. ಚೀಸ್ ತುಂಡನ್ನು ನಡುವೆ ಇಡಿ. ಎಡಗೈ ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಕೆಳಗೆ ಒತ್ತಿ ಹಿಡಿದು, ಬಲಗೈಯಲ್ಲಿ ಅಂಚನ್ನು ನೆರಿಗೆ ಹಿಡಿದಂತೆ ಸುತ್ತಲೂ ಎತ್ತಿ ತನ್ನಿ. ಎಲ್ಲ ನೆರಿಗೆ ಒಂದೆಡೆ ಸೇರಿದ ಮೇಲೆ ಗಟ್ಟಿಯಾಗಿ ಚಿವುಟಿ, ಒಂದು ಸುತ್ತು ತಿರುಚಿ, ಮತ್ತೊಮ್ಮೆ ಚಿವುಟಿ. ಆ ಭಾಗ ಕೆಳಗೆ ಬರುವಂತೆ ಮೇಜಿನ ಮೇಲಿಟ್ಟು ಅಂಗೈಯನ್ನು ಬಟ್ಟಲಿನಂತೆ ಮಾಡಿ ಎರಡು ಸುತ್ತು ಉರುಳಿಸಿ. ಮೇಜಿನ ಮೇಲೆ ಒಣ ಹಿಟ್ಟು ಉದುರಿಸಬೇಡಿ. ಒಣ ಹಿಟ್ಟೂ ಬೆಣ್ಣೆಯಂತೆಯೇ ಅಂಟಲು ಬಿಡುವುದಿಲ್ಲ. ಹಿಟ್ಟು ತೀರಾ ಒಣಗಿ ಅಂಟದೇ ಇದ್ದರೆ ಅಂಚಿಗೆ ಒದ್ದೆ ಬೆರಳು ಮುಟ್ಟಿಸಿದರೆ ಸಾಕು.

ಇನ್ನು ಚೀಸ್. ನೀವು ಯಾವ ಚೀಸ್ ಹಾಕಿದಿರೋ ಬರೆದಿಲ್ಲ. ನೀರಿನಲ್ಲಿ ಮುಳುಗಿಸಿ ಮಾರುವ ತಾಜಾ ಮೊಝರೆಲ್ಲಾ ಆಗಿದ್ದರೆ ಸೋರಿದ್ದಕ್ಕೆ ಅದೂ ಒಂದು ಕಾರಣ. ಅದರ 100 ಗ್ರಾಂನಲ್ಲಿ ಸುಮಾರು 60 ಗ್ರಾಂ ನೀರೇ ಇರುತ್ತದೆ. ಪಿಜ್ಜಾಗೆಂದು ಮಾರುವ ಗಟ್ಟಿ ಮೊಝರೆಲ್ಲಾದಲ್ಲಿ ಅದು 48 ಗ್ರಾಂ ಆಸುಪಾಸು. ಒಂದು ಗ್ರಾಂ ನೀರು ಆವಿಯಾದರೆ ಅದಕ್ಕೆ ಸುಮಾರು 1.7 ಲೀಟರ್ ಜಾಗ ಬೇಕು. ಅಷ್ಟು ಆವಿ ಪುಟ್ಟ ಉಂಡೆಯೊಳಗೆ ಎಲ್ಲಿಗೆ ಹೋಗಬೇಕು? ಎಲ್ಲಿ ಬಲ ಕಡಿಮೆಯೋ ಅಲ್ಲಿ ತಳ್ಳುತ್ತದೆ. ಆದ್ದರಿಂದ ಗಟ್ಟಿ ಮೊಝರೆಲ್ಲಾವನ್ನೇ ತೆಗೆದುಕೊಳ್ಳಿ. ಗಟ್ಟಿಯಾಗಿ ತಂದು ನೀವೇ ಕತ್ತರಿಸಿ. ತುರಿದು ಪ್ಯಾಕ್ ಮಾಡಿದ ಚೀಸ್‌ಗೆ ಅಂಟದಿರಲೆಂದು ಸಾಮಾನ್ಯವಾಗಿ ಪಿಷ್ಟದ ಪುಡಿ ಸವರಿರುತ್ತಾರೆ, ಅದು ಅಷ್ಟು ನುಣ್ಣಗೆ ಕರಗುವುದಿಲ್ಲ. ತುರಿಯನ್ನು ಉಂಡೆಯೊಳಗೆ ಸೇರಿಸುವುದೂ ಕಷ್ಟ. ಒಂದೆರಡು ಎಳೆ ಬಾಯಿಗೆ ಸಿಕ್ಕಿಕೊಂಡರೆ ಸಾಕು, ಅಲ್ಲೇ ಸೋರುತ್ತದೆ. 10 ಗ್ರಾಂನ ಚೌಕ ತುಂಡು ಮಾಡಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ, 20 ನಿಮಿಷ ಫ್ರೀಜರಿನಲ್ಲಿಡಿ. ತಣ್ಣಗಿನ ಗಟ್ಟಿ ತುಂಡಿನ ಸುತ್ತ ಬಾಯಿ ಮುಚ್ಚುವುದು ಸುಲಭ. ಎಲ್ಲವನ್ನೂ ಒಟ್ಟಿಗೆ ಹೊರಗೆ ತೆಗೆಯದೆ, ಎಂಟೆಂಟು ತುಂಡು ತೆಗೆದುಕೊಳ್ಳುತ್ತಾ ಹೋಗಿ.

ಮೊಝರೆಲ್ಲಾ ಎಳೆಎಳೆಯಾಗಿ ಬರುತ್ತದೆ ನಿಜ, ಆದರೆ ರುಚಿ ಸಪ್ಪೆ. ನಾನು ಮೂರು ಪಾಲು ಮೊಝರೆಲ್ಲಾಗೆ ಒಂದು ಪಾಲು ಚೆಡ್ಡಾರ್ ಸೇರಿಸುತ್ತೇನೆ. ತುಂಬಾ ದಿನ ಹಳೆಯದಾದ ಚೆಡ್ಡಾರ್ ಬೇಡ. ಅದರಲ್ಲಿ ಎಳೆ ಕಟ್ಟುವ ಪ್ರೋಟೀನ್ ತುಂಡಾಗಿರುತ್ತದೆ. ಕರಗಿದಾಗ ಎಣ್ಣೆ ಬೇರೆ, ಗಸಿ ಬೇರೆ ಆಗುತ್ತದೆ. ಡಬ್ಬಿಯಲ್ಲಿ ಸಿಗುವ ಪ್ರೊಸೆಸ್ಡ್ ಚೀಸ್ ನುಣ್ಣಗೆ ಕರಗುತ್ತದೆ, ಎಣ್ಣೆ ಬಿಡುವುದಿಲ್ಲ, ಆದರೆ ಎಳೆ ಬರುವುದಿಲ್ಲ. ಮಕ್ಕಳಿಗೆಂದು ಮಾಡುವಾಗ ನಾನು ಅದನ್ನು ಹಾಕಿದ್ದುಂಟು. ಅವರಿಗೆ ಇಷ್ಟವಾಗುತ್ತದೆ.

ಚೀಸ್ ಜೊತೆ ಬೇರೆ ಹೂರಣವನ್ನೂ ಇಡುವುದಾದರೆ ಒಂದು ಎಚ್ಚರ ಬೇಕು. ಅಣಬೆ, ಪಾಲಕ್ ಎರಡರಲ್ಲೂ ಹತ್ತರಲ್ಲಿ ಒಂಬತ್ತು ಪಾಲು ನೀರು. ಅಣಬೆಯನ್ನು ಬಾಣಲೆಯಲ್ಲಿ ಅದೇ ನೀರು ಬಿಟ್ಟುಕೊಂಡು, ಆ ನೀರೂ ಆರಿ, ಚುರುಚುರು ಸದ್ದು ಬರುವ ತನಕ ಹುರಿಯಿರಿ. ಪಾಲಕ್ ಬಾಡಿಸಿ, ಬಟ್ಟೆಯಲ್ಲಿ ಕಟ್ಟಿ, ಶಕ್ತಿ ಹಾಕಿ ಹಿಂಡಿ. ಹೂರಣ ಪೂರ್ತಿ ಆರಿರಬೇಕು. ಬೆಚ್ಚಗಿದ್ದರೆ ಹಿಟ್ಟು ಸಡಿಲವಾಗಿ ಬಾಯಿ ನಿಲ್ಲುವುದಿಲ್ಲ. ಒಂದು ಉಂಡೆಗೆ ಒಂದು ಸಣ್ಣ ಚಮಚದಷ್ಟು ಸಾಕು. ಆಸೆಗೆ ಜಾಸ್ತಿ ತುಂಬಬೇಡಿ.

ನಡುವಿನ ಉಂಡೆ ಹಸಿ ಉಳಿದಿದ್ದಕ್ಕೆ ಕಾರಣ ಟಿನ್. ಉದ್ದನೆಯ ಟಿನ್ನಿನಲ್ಲಿ ಎರಡು ಮೂರು ಅಂತಸ್ತು ಪೇರಿಸಿದಾಗ, ನಡುವಿನ ಉಂಡೆಗೆ ಸುತ್ತಲೂ ಹಿಟ್ಟು, ಒಳಗೆ ತಣ್ಣನೆ ಚೀಸ್. ಬಿಸಿ ಅಲ್ಲಿಗೆ ತಲುಪುವುದು ಕೊನೆಗೆ. ಅಷ್ಟರಲ್ಲಿ ಮೇಲಿನದು ಕಪ್ಪಾಗುತ್ತಾ ಬರುತ್ತದೆ, ನೀವು ಹೆದರಿ ಹೊರಗೆ ತೆಗೆಯುತ್ತೀರಿ, ಅಲ್ವಾ? ಇದಕ್ಕೆ ಸುಲಭದ ದಾರಿ, ಪೇರಿಸದೇ ಇರುವುದು. 33 ಗುಣಿಸು 23 ಸೆಂಟಿಮೀಟರಿನ ಟ್ರೇಯಲ್ಲಿ ಆರು ಸಾಲು, ಸಾಲಿಗೆ ನಾಲ್ಕರಂತೆ 24 ಉಂಡೆ ಒಂದೇ ಪದರದಲ್ಲಿ ಕೂರುತ್ತವೆ. ಇಡುವಾಗ ಉಂಡೆಗಳ ನಡುವೆ ಬೆರಳಿನಷ್ಟು ಸಂದು ಇರಲಿ, ಉಬ್ಬಿದ ಮೇಲೆ ತಾವೇ ಒಂದಕ್ಕೊಂದು ಆತುಕೊಳ್ಳುತ್ತವೆ. ಎತ್ತರವಾಗಿ, ಗೋಪುರದಂತೆ ಕಾಣಲೇಬೇಕೆಂದರೆ ನಡುವೆ ತೂತಿರುವ ಬಂಟ್ ಟಿನ್ ತನ್ನಿ. ಆ ತೂತಿನಿಂದ ಬಿಸಿ ಒಳಗಡೆಗೂ ಹೋಗುತ್ತದೆ. ಆಗ 180 ಡಿಗ್ರಿಯಲ್ಲಿ 35 ನಿಮಿಷದಷ್ಟು ಬೇಕು. ಬಣ್ಣ ಬಂದ ಮೇಲೆ ಮೇಲೊಂದು ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ. ಆದರೆ ಊಟದ ಮೇಜಿಗೆ ನನ್ನ ಆಯ್ಕೆ ಒಂದೇ ಪದರದ ಟ್ರೇ. ಎಲ್ಲರ ಕೈಗೂ ಎಟುಕುತ್ತದೆ, ಎಲ್ಲ ಉಂಡೆಗೂ ಮೇಲೆ ಕೆಂಪು ಬಣ್ಣ ಸಿಗುತ್ತದೆ.

ಹಿಟ್ಟಿನ ಅಳತೆ ಬರೆಯುತ್ತೇನೆ. ಮೈದಾ 500 ಗ್ರಾಂ, ಉಗುರುಬೆಚ್ಚಗಿನ ಹಾಲು 300 ಮಿಲಿಲೀಟರ್, ಇನ್‌ಸ್ಟಂಟ್ ಯೀಸ್ಟ್ 7 ಗ್ರಾಂ, ಸಕ್ಕರೆ 25 ಗ್ರಾಂ, ಉಪ್ಪು 8 ಗ್ರಾಂ, ಮೆತ್ತಗಿನ ಬೆಣ್ಣೆ 50 ಗ್ರಾಂ. ಬರೀ ಬ್ರೆಡ್ ಆಗಿದ್ದರೆ ಉಪ್ಪು 10 ಗ್ರಾಂ ಹಾಕುತ್ತಿದ್ದೆ. ಇಲ್ಲಿ ಚೀಸ್‌ನಲ್ಲೂ ಉಪ್ಪಿದೆ. ಒಟ್ಟು ಹಿಟ್ಟು ಸುಮಾರು 890 ಗ್ರಾಂ ಆಗುತ್ತದೆ. 37 ಗ್ರಾಂನಂತೆ ತೂಗಿ 24 ಉಂಡೆ ಮಾಡಿ. ತೂಗಿಯೇ ಮಾಡಿ. ಕಣ್ಣಂದಾಜಿನಲ್ಲಿ ಮಾಡಿದರೆ ಸಣ್ಣದು ಒಣಗುತ್ತದೆ, ದೊಡ್ಡದು ಹಸಿ ಉಳಿಯುತ್ತದೆ.

ಬೆಣ್ಣೆ ಬಿಟ್ಟು ಉಳಿದಿದ್ದೆಲ್ಲ ಕಲಸಿ ಐದು ನಿಮಿಷ ನಾದಿ. ಆಮೇಲೆ ಬೆಣ್ಣೆ ಸ್ವಲ್ಪ ಸ್ವಲ್ಪ ಸೇರಿಸಿ ಇನ್ನೂ ಎಂಟು ಹತ್ತು ನಿಮಿಷ ನಾದಿ. ಬೆಣ್ಣೆ ಮೊದಲೇ ಬಿದ್ದರೆ ಹಿಟ್ಟಿಗೆ ಹಿಗ್ಗುವ ಗುಣ ಬರುವುದು ತಡವಾಗುತ್ತದೆ. ಬೆಣ್ಣೆ ಸೇರಿಸಿದಾಗ ಹಿಟ್ಟು ಚೂರುಚೂರಾಗಿ, ಕೈಗೆಲ್ಲ ಮೆತ್ತಿಕೊಂಡು, ಕೆಟ್ಟೇಹೋಯಿತು ಅನ್ನಿಸುತ್ತದೆ. ಆಗ ಮೈದಾ ಸುರಿಯಬೇಡಿ. ಎರಡು ನಿಮಿಷ ಬಿಡದೆ ನಾದಿದರೆ ಮತ್ತೆ ಒಂದಾಗುತ್ತದೆ. ನಾದುವುದನ್ನು ಮಾತ್ರ ಇಬ್ಬರೂ ಸರದಿಯಲ್ಲಿ ಮಾಡಿ, ಯಾರ ಕೈಯೂ ಸೋಲುವುದಿಲ್ಲ. ಒಂದು ಚೂರು ಹಿಟ್ಟನ್ನು ಬೆರಳುಗಳ ನಡುವೆ ಮೆಲ್ಲಗೆ ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಹರಿಯದೆ, ಬೆಳಕು ಕಾಣುವಷ್ಟು ತೆಳ್ಳಗಾದರೆ ಹದ ಬಂತು. ಚೀಸ್ ತುಂಬಿದ ಬ್ರೆಡ್ಡಿಗೆ ಈ ಹದ ಬರಲೇಬೇಕು. ಅರೆಬರೆ ನಾದಿದ ಹಿಟ್ಟು ಚೀಸ್‌ನ ಒತ್ತಡ ತಡೆಯುವುದಿಲ್ಲ.

ಈಗ ಹತ್ತೂವರೆಯ ಊಟದ ವಿಷಯ. ಹಾಲನ್ನು ಫ್ರಿಜ್ಜಿನಿಂದ ತೆಗೆದು ಹಾಗೇ ಸುರಿದಿದ್ದಿರಾ? ತಣ್ಣನೆ ಹಿಟ್ಟಿನಲ್ಲಿ ಯೀಸ್ಟ್ ಏಳುವುದೇ ನಿಧಾನ. ಹಾಲು 35ರಿಂದ 38 ಡಿಗ್ರಿ ಇರಲಿ, ಅಂದರೆ ಬೆರಳಿಟ್ಟರೆ ಬಿಸಿಯೂ ಅಲ್ಲ, ತಂಪೂ ಅಲ್ಲ. 55 ಡಿಗ್ರಿ ದಾಟಿದರೆ ಯೀಸ್ಟ್ ಸಾಯತೊಡಗುತ್ತದೆ. ಹಿಟ್ಟು ಎರಡರಷ್ಟು ಉಬ್ಬಿತೋ ಇಲ್ಲವೋ ಎಂದು ದೊಡ್ಡ ಬಟ್ಟಲಿನಲ್ಲಿ ಹೇಳುವುದು ಕಷ್ಟ. ನಾನು ನೆಲ್ಲಿಕಾಯಿ ಗಾತ್ರದ ಹಿಟ್ಟನ್ನು ನೇರ ಗೋಡೆಯ ಸಣ್ಣ ಗಾಜಿನ ಲೋಟಕ್ಕೆ ಒತ್ತಿ, ಅದರ ಮಟ್ಟಕ್ಕೆ ಒಂದು ರಬ್ಬರ್ ಬ್ಯಾಂಡ್ ಹಾಕಿ, ಬಟ್ಟಲಿನ ಪಕ್ಕದಲ್ಲೇ ಮುಚ್ಚಿಡುತ್ತೇನೆ. ಲೋಟದ ಹಿಟ್ಟು ಬ್ಯಾಂಡಿನ ಎರಡರಷ್ಟು ಎತ್ತರಕ್ಕೆ ಬಂತು ಅಂದರೆ ಬಟ್ಟಲಿನದೂ ಸಿದ್ಧ. ಗಡಿಯಾರಕ್ಕಿಂತ ಈ ಲೋಟದ ಮೇಲೆ ನನಗೆ ನಂಬಿಕೆ ಜಾಸ್ತಿ. ಆ ಚೂರನ್ನು ಕೊನೆಗೆ ಹಿಟ್ಟಿಗೇ ಸೇರಿಸಿಬಿಡಿ.

ಎಂಟಕ್ಕೆ ಊಟ ಅಂದರೆ ನಾಲ್ಕಕ್ಕೆ ಹಿಟ್ಟು ಕಲಸಿ. ನಾಲ್ಕು ಇಪ್ಪತ್ತಕ್ಕೆ ಮುಚ್ಚಿಟ್ಟರೆ ಬೆಚ್ಚಗಿನ ಅಡುಗೆಮನೆಯಲ್ಲಿ ಐದು ಮುಕ್ಕಾಲರ ಹೊತ್ತಿಗೆ ಉಬ್ಬಿರುತ್ತದೆ. ಆ ಬಿಡುವಿನಲ್ಲಿ ಚೀಸ್ ಕತ್ತರಿಸಿ ಫ್ರೀಜರಿಗೆ ಹಾಕುವುದು, ಹೂರಣ ಹುರಿದು ಆರಿಸುವುದು, ಬೆಣ್ಣೆ ಸಿದ್ಧ ಮಾಡುವುದು, ಕೂತು ಮಾತಾಡುವುದು ಎಲ್ಲಾ ಆಗುತ್ತದೆ. ಉಂಡೆ ತುಂಬಿ ಜೋಡಿಸಲು ಇಬ್ಬರಿಗೆ ಅರ್ಧ ಗಂಟೆ ಬೇಕು. ಒಬ್ಬರೇ ಮಾಡಿದರೆ ಒಂದು ಗಂಟೆಯೇ ಹಿಡಿಯುತ್ತದೆ. ಅಷ್ಟರಲ್ಲಿ ಮೊದಲು ಮಾಡಿದ ಉಂಡೆ ಆಗಲೇ ಉಬ್ಬಿ ಕೂತಿರುತ್ತದೆ, ಕೊನೆಯದು ಇನ್ನೂ ಬಿಗಿಯಾಗಿರುತ್ತದೆ. ಗೆಳತಿಯ ಕೈ ನಿಜವಾಗಿ ಬೇಕಾಗುವುದು ಈ ಅರ್ಧ ಗಂಟೆಯಲ್ಲಿ. ಆರೂಕಾಲರಿಂದ ಏಳರ ತನಕ ಎರಡನೇ ಸಲ ಉಬ್ಬಲಿ, ಒದ್ದೆ ಬಟ್ಟೆ ಮುಚ್ಚಿರಿ. ಆರೂವರೆಗೇ ಓವನ್ ಹಚ್ಚಿ. ಬೆರಳಿನಿಂದ ಉಂಡೆಯ ಪಕ್ಕವನ್ನು ಮೆಲ್ಲಗೆ ಒತ್ತಿದಾಗ ಗುಳಿ ನಿಧಾನವಾಗಿ, ಅರ್ಧದಷ್ಟು ಮೇಲೆ ಬಂದರೆ ಒಳಗೆ ಇಡಬಹುದು. ಪಟ್ಟನೆ ಪುಟಿದು ಬಂದರೆ ಇನ್ನೂ ಹತ್ತು ನಿಮಿಷ ಕಾಯಿರಿ.

190 ಡಿಗ್ರಿ, ನಡುವಿನ ಹಂತ, 24ರಿಂದ 26 ನಿಮಿಷ. ಥರ್ಮಾಮೀಟರ್ ಇದ್ದರೆ ನಡುವಿನ ಉಂಡೆಯ ಹಿಟ್ಟಿನ ಭಾಗಕ್ಕೆ ಚುಚ್ಚಿ ನೋಡಿ, 90 ಡಿಗ್ರಿ ತೋರಿಸಬೇಕು. ಮೊನೆ ಚೀಸ್‌ಗೆ ಹೋದರೆ ಲೆಕ್ಕ ತಪ್ಪುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ನಡುವಿನ ಎರಡು ಉಂಡೆಗಳ ಸಂದನ್ನು ಫೋರ್ಕಿನಿಂದ ಸ್ವಲ್ಪ ಬಿಡಿಸಿ ನೋಡಿ. ಅಲ್ಲಿ ಹತ್ತಿಯಂತೆ ಎಳೆ ಕಂಡರೆ ಬೆಂದಿದೆ. ಹೊಳೆಯುತ್ತಾ ಜಿಗುಟಾಗಿದ್ದರೆ ಇನ್ನೂ ಐದು ನಿಮಿಷ ಬೇಕು.

ಬೆಣ್ಣೆಯ ಬಗ್ಗೆ ಒಂದು ಮಾತು ಉಳಿದಿದೆ. ಹಿಟ್ಟಿಗೆ ಹಾಕಿದ್ದು ಬಿಟ್ಟು ಇನ್ನೂ 80 ಗ್ರಾಂ ಬೇಕು. ಸಣ್ಣ ಉರಿಯಲ್ಲಿ ಕರಗಿಸಿ, ಜಜ್ಜಿದ ಐದು ಎಸಳು ಬೆಳ್ಳುಳ್ಳಿ ಹಾಕಿ, ಎರಡು ನಿಮಿಷ ಬಿಟ್ಟು ಇಳಿಸಿ. ಬೆಳ್ಳುಳ್ಳಿ ಕೆಂಪಾಗಬಾರದು. 50 ಗ್ರಾಂನಷ್ಟನ್ನು ಸೋಸಿ, ಮುಟ್ಟಿದರೆ ಬಿಸಿ ಅನ್ನಿಸದಷ್ಟು ಆರಿದ ಮೇಲೆ ಅದರಲ್ಲಿ ಉಂಡೆ ಅದ್ದಿ. ಸೋಸುವುದು ಯಾಕೆಂದರೆ ಮೇಲೆ ಅಂಟಿದ ಬೆಳ್ಳುಳ್ಳಿ ಚೂರು ಓವನ್ನಿನಲ್ಲಿ ಸೀದು ಕಹಿಯಾಗುತ್ತದೆ. ಉಳಿದ 30 ಗ್ರಾಂನಲ್ಲಿ ಆ ಬೆಳ್ಳುಳ್ಳಿ ಚೂರೆಲ್ಲ ಇರಲಿ. ಹೆಚ್ಚಿದ ಸೊಪ್ಪು, ಒಂದು ಚಿಟಿಕೆ ಉಪ್ಪು ಅದಕ್ಕೇ ಸೇರಿಸಿ, ಬ್ರೆಡ್ ಹೊರಗೆ ಬಂದ ಕೂಡಲೇ ಮೇಲೆಲ್ಲ ಸವರಿ. ಬಿಸಿಗೆ ಬೆಣ್ಣೆ ಸಂದುಗಳಿಗೆ ಇಳಿಯುವಾಗ ಚುರ್ರೆನ್ನುತ್ತದೆ, ಮನೆಯೆಲ್ಲ ಘಮ ಹರಡುತ್ತದೆ. ಆ ಹೊತ್ತಿನಲ್ಲಿ ಇಬ್ಬರೂ ಓವನ್ ಹತ್ತಿರ ಇರಿ ಎಂದು ನಾನು ಒತ್ತಿ ಹೇಳುತ್ತೇನೆ. ತಿನ್ನಲು ಮಾತ್ರ ಹತ್ತು ನಿಮಿಷ ತಡೆಯಿರಿ. ಆಗಷ್ಟೇ ಕರಗಿದ ಚೀಸ್ ನೀರಿನಂತೆ ಹರಿಯುತ್ತದೆ, ನಾಲಿಗೆ ಸುಡುತ್ತದೆ. ಹತ್ತು ನಿಮಿಷ ಕಳೆದರೆ ತುಸು ಗಟ್ಟಿಯಾಗಿ, ಕಿತ್ತಾಗ ಒಂದು ಮೊಳದ ಎಳೆ ಬರುತ್ತದೆ. ಅರ್ಧ ಗಂಟೆ ಬಿಟ್ಟರೆ ಆ ಎಳೆ ಸಿಗುವುದಿಲ್ಲ.

ಸಂಜೆ ನಾಲ್ಕಕ್ಕೆ ಇಬ್ಬರಿಗೂ ಬಿಡುವಿಲ್ಲದಿದ್ದರೆ ಹಿಂದಿನ ರಾತ್ರಿಯೇ ಹಿಟ್ಟು ನಾದಿಡಿ. ಯೀಸ್ಟ್ 4 ಗ್ರಾಂಗೆ ಇಳಿಸಿ, ನಾದಿದ ಮೇಲೆ ಅರ್ಧ ಗಂಟೆ ಹೊರಗಿಟ್ಟು, ಆಮೇಲೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ಮರುದಿನ ತಣ್ಣನೆ ಹಿಟ್ಟಿನಲ್ಲೇ ಉಂಡೆ ಮಾಡಬಹುದು. ಕೈಗೆ ಅಂಟದೆ ಇನ್ನೂ ಸುಲಭವಾಗಿ ಬಾಯಿ ಮುಚ್ಚುತ್ತದೆ. ಎರಡನೇ ಸಲ ಉಬ್ಬಲು ಮಾತ್ರ ಒಂದೂಕಾಲು ಗಂಟೆ ಕೊಡಿ. ರುಚಿ ನೋಡಿದರೆ ನನಗೆ ಈ ರಾತ್ರಿ ಕಳೆದ ಹಿಟ್ಟೇ ಇಷ್ಟ.

ಕೈಯಲ್ಲಿರುವುದು ಒಂದೇ ಗಂಟೆ ಅಂದರೆ ಹಿಟ್ಟಿನ ಕೆಲಸಕ್ಕೇ ಹೋಗಬೇಡಿ. ಗಟ್ಟಿ ಹೊರಪದರದ ದುಂಡನೆಯ ಬ್ರೆಡ್ ತಂದು, ತಳ ಒಂದು ಬೆರಳು ಉಳಿಯುವಂತೆ ಉದ್ದಕ್ಕೂ ಅಡ್ಡಕ್ಕೂ ಸೀಳಿ. ಸಂದುಗಳಲ್ಲಿ ಬೆಳ್ಳುಳ್ಳಿ ಬೆಣ್ಣೆ ಸವರಿ, ತೆಳ್ಳಗೆ ಕತ್ತರಿಸಿದ ಚೀಸ್ ತುರುಕಿ. ಫಾಯಿಲ್ ಸುತ್ತಿ 180 ಡಿಗ್ರಿಯಲ್ಲಿ 15 ನಿಮಿಷ, ಬಿಚ್ಚಿ ಇನ್ನು ಹತ್ತು ನಿಮಿಷ. ಇದು ಬೇರೆಯದೇ ತಿಂಡಿ, ಆದರೂ ಅವಸರದ ರಾತ್ರಿಗೆ ಒಳ್ಳೆಯದು.

ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಒಳಗೆ ಚೀಸ್ ಇರುವುದರಿಂದ ರಾತ್ರಿಯೆಲ್ಲ ಹೊರಗಿಡಬೇಡಿ. ಮರುದಿನ ಫಾಯಿಲ್ ಮುಚ್ಚಿ 160 ಡಿಗ್ರಿಯಲ್ಲಿ ಹತ್ತು ಹನ್ನೆರಡು ನಿಮಿಷ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ. ಮೈಕ್ರೋವೇವ್ ಬೇಡ, ಐದು ನಿಮಿಷದಲ್ಲಿ ಬ್ರೆಡ್ ರಬ್ಬರಿನಂತಾಗುತ್ತದೆ.